ಪಾಮ್ ಎಣ್ಣೆ ಬಿಟ್ಟುಬಿಟ್ಟರೆ ಇಂಡೋನೇಷ್ಯಾದ ಹೊಗೆ ನಿಲ್ಲುತ್ತಾ?

ಪ್ರಶ್ನೆ: ನನ್ನ ತಂಗಿ ಸಿಂಗಪುರದಲ್ಲಿದ್ದಾಳೆ. ಇಂಡೋನೇಷ್ಯಾದಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಕಿಟಕಿ ಮುಚ್ಚಿಕೊಂಡು ಕೂರಬೇಕಂತೆ. ಪಾಮ್ ಎಣ್ಣೆ ಇರುವ ಬಿಸ್ಕೆಟ್, ಸೋಪು ತಗೋಬೇಡಿ ಅಂತ ಮನೆಯವರಿಗೆಲ್ಲ ಹೇಳ್ತಾಳೆ. ನಾವು ಇಲ್ಲಿ ಬಿಟ್ಟರೆ ಅಲ್ಲಿ ಹೊಗೆ ಕಡಿಮೆಯಾಗುತ್ತಾ?

ಉತ್ತರ: ಬರೀ ಬಿಟ್ಟರೆ ಆಗಲ್ಲ. ಆದರೆ ನಿಮ್ಮ ತಂಗಿಯ ಸಿಟ್ಟಿಗೆ ಕಾರಣ ಇದೆ. 2013ರ ಜೂನ್ 21ರ ಮಧ್ಯಾಹ್ನ ಸಿಂಗಪುರದ ಮಾಲಿನ್ಯ ಸೂಚ್ಯಂಕ 401 ಮುಟ್ಟಿತ್ತು. 300 ದಾಟಿದರೇ ಅಪಾಯ. 2015ರ ಸೆಪ್ಟೆಂಬರ್‌ನಲ್ಲಿ ಹೊಗೆಯ ಕಾರಣಕ್ಕೆ ಶಾಲೆಗಳಿಗೆ ರಜೆ ಕೊಟ್ಟರು. ಬೆಂಕಿ ಬಿದ್ದ ಇಂಡೋನೇಷ್ಯಾದ ಸುಮಾತ್ರಾ, ಕಲಿಮಂತಾನ್‌ನ ಜನ ಅದಕ್ಕಿಂತ ಎಷ್ಟೋ ಜಾಸ್ತಿ ಹೊಗೆ ಕುಡಿದರು. ಅದು ಅಷ್ಟು ಸುದ್ದಿಯಾಗಲಿಲ್ಲ, ಬಿಡಿ.

ಅಲ್ಲಿ ಉರಿಯುವುದು ಮರ ಮಾತ್ರ ಅಲ್ಲ, ನೆಲವೂ ಉರಿಯುತ್ತೆ. ಸಾವಿರಾರು ವರ್ಷ ನೀರಲ್ಲಿ ನೆನೆದ ಎಲೆ, ಬೇರು, ಕೊಂಬೆ ಪೂರ್ತಿ ಕೊಳೆಯದೆ ಮೀಟರ್‌ಗಟ್ಟಲೆ ಆಳಕ್ಕೆ ಕೂತಿರುತ್ತೆ. ಇದನ್ನು ಪೀಟ್ ಅಂತಾರೆ. ಅಲ್ಲಿ ಪಾಮ್ ತೋಟ ಮಾಡಬೇಕು ಅಂದರೆ ಕಾಲುವೆ ತೋಡಿ ನೀರು ಬಸಿಯಬೇಕು. ನೀರು ಇಳಿದ ಮೇಲೆ ಆ ನೆಲವೇ ಒಣ ಸೌದೆ. ಬೆಂಕಿ ಒಳಗೊಳಗೇ ವಾರಗಟ್ಟಲೆ ಹೊಗೆಯಾಡುತ್ತೆ, ಮೇಲೆ ನೀರು ಹುಯ್ದರೂ ಆರಲ್ಲ. ಜೋರು ಮಳೆಯೇ ಬರಬೇಕು. 2015ರಲ್ಲಿ ಎಲ್ ನಿನೊ ಬಂದು ಮಳೆ ತಡವಾಯಿತು, ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟುಹೋಯಿತು.

ಬೆಂಕಿ ಇಡುವವರು ಯಾರು? ನೆಲ ಸವರೋಕೆ ಬೆಂಕಿಗಿಂತ ಅಗ್ಗದ ದಾರಿ ಇಲ್ಲ. ಹಾಗಾಗಿ ದೊಡ್ಡ ಕಂಪನಿಗಳ ತೋಟದಲ್ಲೂ ಬೆಂಕಿ ಕಂಡಿದೆ, ಸಣ್ಣ ರೈತರೂ ಇಡ್ತಾರೆ. ಪಾಮ್ ಒಂದೇ ಅಲ್ಲ, ಕಾಗದಕ್ಕೆ ಬೆಳೆಸುವ ಅಕೇಶಿಯಾ ತೋಟಗಳೂ ಇದರಲ್ಲಿವೆ.

2015ರ ಅಕ್ಟೋಬರ್‌ನಲ್ಲಿ ಸಿಂಗಪುರದ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಬೆಂಕಿಯ ಆರೋಪ ಹೊತ್ತ ಒಂದು ಕಾಗದ ಕಂಪನಿಯ ಟಿಶ್ಯೂ, ಪೇಪರ್‌ಗಳನ್ನು ಶೆಲ್ಫಿನಿಂದ ತೆಗೆದವು. ಹೊಗೆ ಕುಡಿದ ಗಿರಾಕಿಗೆ ಸಿಟ್ಟು ತೋರಿಸೋಕೆ ಒಂದು ಜಾಗ ಸಿಕ್ಕಿತ್ತು. ಪಾಮ್ ಎಣ್ಣೆ ವಿಷಯದಲ್ಲಿ ಇದು ಅಷ್ಟು ಸುಲಭ ಅಲ್ಲ. ಅದು ಬಿಸ್ಕೆಟ್ಟಲ್ಲಿ, ಶಾಂಪೂವಲ್ಲಿ, ಕುರುಕಲು ತಿಂಡಿಯಲ್ಲಿ ಅಡಗಿ ಕೂತಿರುತ್ತೆ.

ಇನ್ನು ನಮ್ಮ ಕಡೆ ಬನ್ನಿ. ಜಗತ್ತಿನಲ್ಲಿ ಅತಿ ಹೆಚ್ಚು ಪಾಮ್ ಎಣ್ಣೆ ತರಿಸಿಕೊಳ್ಳುವ ದೇಶ ನಮ್ಮದೇ. ಮಂಗಳೂರು ಬಂದರಿಗೂ ಹಡಗಲ್ಲಿ ಬಂದಿಳಿಯುತ್ತೆ. ಚಿಪ್ಸ್ ಪ್ಯಾಕೆಟ್ ಹಿಂದೆ ಸಣ್ಣಕ್ಷರದಲ್ಲಿ ‘ಪಾಮೋಲಿನ್’ ಅಂತ ಇರುತ್ತೆ, ನೋಡಿ. ಹೊಗೆ ನಮ್ಮ ಮೂಗಿಗೆ ಬರಲ್ಲ, ಹಾಗಾಗಿ ಆ ಅಕ್ಷರ ನಮ್ಮ ಕಣ್ಣಿಗೂ ಬೀಳಲ್ಲ. ಬೆಲೆ ಕಡಿಮೆ ಇದ್ದರೆ ಸಾಕು, ಅಲ್ವಾ?

ಹಾಗಂತ ಎಲ್ಲರೂ ಬಿಟ್ಟರೆ ಇನ್ನೊಂದು ಪೇಚು. ಒಂದು ಹೆಕ್ಟೇರ್ ಪಾಮ್‌ನಿಂದ ವರ್ಷಕ್ಕೆ ಮೂರು ಟನ್‌ಗೂ ಜಾಸ್ತಿ ಎಣ್ಣೆ ಬರುತ್ತೆ, ಸೋಯಾದಿಂದ ಅರ್ಧ ಟನ್ ಆಸುಪಾಸು. ಎಣ್ಣೆ ಬದಲಿಸಿದರೆ ಇನ್ನೆಲ್ಲೋ ಇದಕ್ಕಿಂತ ದೊಡ್ಡ ಕಾಡು ಬಯಲಾಗಬಹುದು.

ಅದಕ್ಕೇ ನನ್ನ ಲೆಕ್ಕದಲ್ಲಿ ಬಿಡುವುದಕ್ಕಿಂತ ಕೇಳುವುದು ವಾಸಿ. 2004ರಲ್ಲಿ ಶುರುವಾದ ಆರ್‌ಎಸ್‌ಪಿಒ ಅನ್ನೋ ವ್ಯವಸ್ಥೆ ಬೆಂಕಿ ಇಡದೆ ಬೆಳೆದ ಎಣ್ಣೆಗೆ ಪ್ರಮಾಣಪತ್ರ ಕೊಡುತ್ತೆ. 2018ರಿಂದ ಪೀಟ್ ನೆಲದಲ್ಲಿ ಹೊಸ ತೋಟಕ್ಕೂ ಅದರಲ್ಲಿ ಅವಕಾಶ ಇಲ್ಲ. ಲೋಪ ಇಲ್ಲ ಅಂತಲ್ಲ. ಖರ್ಚಿನಿಂದಾಗಿ ಎಷ್ಟೋ ಸಣ್ಣ ರೈತರು ಹೊರಗೇ ಉಳಿತಾರೆ. ನೀವು ದಿನಾ ತಗೊಳ್ಳೋ ಬಿಸ್ಕೆಟ್ ಕಂಪನಿಗೆ ಒಂದು ಮೇಲ್ ಹಾಕಿ, ಎಣ್ಣೆ ಪ್ರಮಾಣಪತ್ರ ಇರೋದಾ ಅಂತ ಕೇಳಿ. ಪ್ಯಾಕೆಟ್ ಮೇಲೆ ಅದರ ಮುದ್ರೆ ಕಂಡರೆ ಕೆಳಗಿನ ಪದವನ್ನೂ ಓದಿ. ‘ಮಿಕ್ಸ್ಡ್’ ಅಂತಿದ್ದರೆ ಪ್ರಮಾಣಪತ್ರ ಇಲ್ಲದ ಎಣ್ಣೆಯೂ ಅದರಲ್ಲಿ ಬೆರೆತಿದೆ ಅಂತ ಅರ್ಥ.