ಯೋಧನಿಗೆ ಗೌರವ, ಯುದ್ಧಕ್ಕೆ ರಿಯಾಯಿತಿ

ಕೊಡಗಿನಲ್ಲಿ ಸೈನಿಕರಿಗೆ ಸಲ್ಲುವ ಸರ್ಕಾರಿ ಗೌರವದ ಚರಿತ್ರೆಯನ್ನು 1837ರಿಂದ ಓದುವುದು ಒಳ್ಳೆಯದು. ಚಿಕ್ಕವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ರಾಜ್ಯವನ್ನು ವಶಪಡಿಸಿಕೊಂಡು ಆಗಿನ್ನೂ ಮೂರೇ ವರ್ಷ. ಆ ಏಪ್ರಿಲ್‌ನಲ್ಲಿ ಸುಳ್ಯ ಸೀಮೆಯಿಂದ ಎದ್ದ ರೈತರ ದಂಡು ಮಂಗಳೂರಿನವರೆಗೆ ಹೋಗಿ ಬಾವುಟಗುಡ್ಡದ ಮೇಲೆ ತನ್ನ ಬಾವುಟ ಹಾರಿಸಿತು. ದಂಗೆ ಅಡಗಿದ ಮೇಲೆ, ಅಡಗಿಸಲು ನೆರವಾದ ಕೊಡವರಿಗೆ ಕಂಪನಿ ಚಿನ್ನ, ಬೆಳ್ಳಿಯ ಪದಕಗಳನ್ನು ಹಂಚಿತು. ಪದಕದ ಮೇಲೆ ಕೊಡವ ಯೋಧನ ಚಿತ್ರ, ಕನ್ನಡದ ಬರಹ. ಅದೇ ವರ್ಷ ಅಕ್ಟೋಬರ್ 31ರಂದು ದಂಗೆಯ ಮುಂದಾಳು ಸುಬೇದಾರ್ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿತು. ಇವತ್ತು ಮಡಿಕೇರಿಯಲ್ಲಿ ಪ್ರತಿಮೆಯಾಗಿ ನಿಂತಿರುವವರು ಅಪ್ಪಯ್ಯಗೌಡರು.

ಎರಡೂ ಕಡೆ ಇದ್ದವರು ಇದೇ ಸೀಮೆಯ ಜನ. ಬದಲಾದದ್ದು ಗೌರವ ಕೊಡುವ ಸರ್ಕಾರ ಮಾತ್ರ. ಯುದ್ಧವಿರೋಧಿಗಳ ತಕರಾರು ಹುಟ್ಟುವುದು ಇಲ್ಲಿ: ಯಾರನ್ನು ನೆನೆಯಬೇಕು ಎಂದು ತೀರ್ಮಾನಿಸುವವರೂ ಯಾರನ್ನು ಯುದ್ಧಕ್ಕೆ ಕಳಿಸಬೇಕು ಎಂದು ತೀರ್ಮಾನಿಸುವವರೂ ಒಬ್ಬರೇ ಆದಾಗ, ನೆನಪಿನ ಸಭೆಯಲ್ಲಿ ಯುದ್ಧದ ಬಗ್ಗೆ ಪ್ರಶ್ನೆ ಏಳುವುದೇ ಇಲ್ಲ.

ಕೋವಿಯ ಕಥೆಯೂ ಇದೇ ಜಾಡಿನದು. ದೇಶದ ಬೇರೆ ಕಡೆ ಜನರ ಆಯುಧ ಕಸಿದ ಕಾಲದಲ್ಲಿ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಹೊಗಳಿ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ಈ ರಿಯಾಯಿತಿ ಇನ್ನೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಹುಟ್ಟಾ ಯೋಧರ ನಾಡು ಎಂಬ ಹೊಗಳಿಕೆಗೂ ಹೀಗೆ ಸರ್ಕಾರಿ ಮುದ್ರೆ ಬಿತ್ತು. ಆದರೆ ಆ ಹೊಗಳಿಕೆಯನ್ನು ನಂಬಿ 20ನೇ ಶತಮಾನದ ಆರಂಭದಲ್ಲಿ ಕಟ್ಟಿದ ಕೂರ್ಗ್ ರೈಫಲ್ಸ್ ಪಡೆಯನ್ನು, ಸಾಕಷ್ಟು ಆಳು ಸೇರದೆ, 1904ರಲ್ಲೇ ಮುಚ್ಚಬೇಕಾಯಿತು. ಭಾಷಣಗಳಲ್ಲಿ ಈ ಸಂಗತಿ ಬರುವುದಿಲ್ಲ.

ಕಂಪನಿಗಿಂತ ಮೊದಲು ಸತ್ತವರನ್ನು ನೆನೆಯುತ್ತಿರಲಿಲ್ಲ ಎಂದಲ್ಲ. ಕನ್ನಡ ನಾಡಿನ ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಎದುರು ಕುಳಿತ ವೀರ. ಸಾವನ್ನು ಸುಂದರವಾಗಿ ತೋರಿಸುವ ಕಲೆ ಅದರಲ್ಲೂ ಇದೆ. ಆದರೆ ಎಷ್ಟೋ ಶಾಸನಗಳಲ್ಲಿ ಕಲ್ಲಿನ ಜೊತೆಗೆ ಭೂಮಿಯ ದತ್ತಿಯೂ ಇರುತ್ತದೆ: ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು. ಸತ್ತವನ ಮನೆಯವರು ಉಣ್ಣುವುದೇನು ಎಂಬುದು ಅದೇ ಕಲ್ಲಿನಲ್ಲಿ ಬರೆದಿರುತ್ತಿತ್ತು.

ಸೈನಿಕರ ಅಂತ್ಯಸಂಸ್ಕಾರದಲ್ಲಿ ಈಗ ನಾವು ನೋಡುವ ವಿಧಿಯ ಹೆಚ್ಚಿನ ಭಾಗ ಬ್ರಿಟಿಷರದು. ಲಾಸ್ಟ್ ಪೋಸ್ಟ್ ಅವರ ದಂಡಿನಲ್ಲಿ ದಿನ ಮುಗಿಯಿತೆಂದು ಸಾರುತ್ತಿದ್ದ ಕಹಳೆ. ಎರಡು ನಿಮಿಷದ ಮೌನ 1919ರ ನವೆಂಬರ್ 11ರಂದು ಲಂಡನ್ನಿನ ಆದೇಶದಿಂದ ಬಂದದ್ದು. ಊರಿನಲ್ಲೇ ಶವಸಂಸ್ಕಾರ ನಡೆಯುವ ರೂಢಿಯಂತೂ ಇನ್ನೂ ಹೊಸತು. ಕಾರ್ಗಿಲ್‌ಗೆ ಮುಂಚೆ ಗಡಿಯಲ್ಲಿ ಮಡಿದವರ ಸಂಸ್ಕಾರ ಹೆಚ್ಚಾಗಿ ಅಲ್ಲೇ ಆಸುಪಾಸಿನಲ್ಲಿ ಮುಗಿಯುತ್ತಿತ್ತು, ಮನೆಗೆ ತಂತಿ ಬರುತ್ತಿತ್ತು. 1999ರಲ್ಲಿ ಶವಪೆಟ್ಟಿಗೆಗಳು ಊರೂರಿಗೆ ಬಂದವು, ಅವುಗಳ ಹಿಂದೆಯೇ ಟಿ.ವಿ. ಕ್ಯಾಮೆರಾ, ಶಾಲಾ ಮಕ್ಕಳ ಸಾಲು, ಮಂತ್ರಿಗಳ ಕಾರು.

ವಿಧಿ ಹೀಗೆ ನಡೆಯುತ್ತದೆ. ಧ್ವಜದ ಕೇಸರಿ ಪಟ್ಟಿ ಪೆಟ್ಟಿಗೆಯ ತಲೆಯ ಕಡೆಗಿರಬೇಕು. ಪುಷ್ಪಚಕ್ರಗಳಾದ ಮೇಲೆ ‘ಶೋಕ ಶಸ್ತ್ರ’ದ ಆಜ್ಞೆಗೆ ಬಂದೂಕುಗಳು ತಲೆಕೆಳಗಾಗುತ್ತವೆ, ಮೂರು ಸುತ್ತು ಖಾಲಿ ತೋಟಾ ಹಾರುತ್ತದೆ, ಕಹಳೆ ಮೊಳಗುತ್ತದೆ. ಕೊಡವರ ಮನೆಯಲ್ಲಿ ಸಾವು ಸಾರಲು ಎರಡು ಗುಂಡು ಹಾರಿಸುವ ಪದ್ಧತಿ ಮೊದಲೇ ಇರುವುದರಿಂದ ಇಲ್ಲಿ ಆ ಸದ್ದು ಯಾರಿಗೂ ಹೊಸದಲ್ಲ. ಧ್ವಜವನ್ನು ಚಿತೆಯಲ್ಲಿ ಸುಡುವಂತಿಲ್ಲ, ಗುಂಡಿಗೆ ಇಳಿಸುವಂತಿಲ್ಲ. ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿ, ಆಮೇಲೆ ಎರಡು ತುದಿಗಳನ್ನು ನಡುವಿಗೆ ಮಡಚಿದರೆ ಚಕ್ರ ಮೇಲೆ ಕಾಣುತ್ತದೆ. ಅದನ್ನು ಅಂಗೈಗಳ ಮೇಲಿಟ್ಟು ಮನೆಯವರಿಗೆ ಒಪ್ಪಿಸುತ್ತಾರೆ.

ಒಪ್ಪಿಸಿದ ಮೇಲೆ ಫೈಲು ಶುರುವಾಗುತ್ತದೆ. ಸಾವು ‘ಬ್ಯಾಟಲ್ ಕ್ಯಾಶುವಾಲ್ಟಿ’ (ಕಾದಾಟದಲ್ಲಾದ ಸಾವು) ಎಂದು ದಾಖಲಾದರೆ ಹೆಂಡತಿಗೆ ಉದಾರೀಕೃತ ಕುಟುಂಬ ಪಿಂಚಣಿ, ಅಂದರೆ ಕೊನೆಯ ಸಂಬಳದಷ್ಟೇ ಮೊತ್ತ. ಸೇವೆಯ ಕಾರಣದ ಸಾವು ಆದರೆ ಶೇ. 60. ಸೇವೆಗೂ ಸಾವಿಗೂ ಸಂಬಂಧವಿಲ್ಲ ಎಂದು ಬರೆದರೆ ಸಾಮಾನ್ಯ ಪಿಂಚಣಿ. ಆರಂಭದ ವರ್ಷಗಳ ಹೆಚ್ಚಿನ ದರ ಮುಗಿದ ಮೇಲೆ ಅದು ಶೇ. 30ಕ್ಕೆ ಇಳಿಯುತ್ತದೆ. ಮದುವೆಯಾದದ್ದು ಪಾರ್ಟ್ ಟೂ ಆರ್ಡರ್‌ನಲ್ಲಿ, ಅಂದರೆ ಸೈನಿಕನ ಸ್ವಂತ ವಿವರ ಬರೆಯುವ ಸೇನೆಯ ದಾಖಲೆಯಲ್ಲಿ, ಸೇರದಿದ್ದರೆ, ಹೆಂಡತಿಯ ಹೆಸರು ಆಧಾರ್‌ನಲ್ಲಿ ಒಂದು, ರೆಕಾರ್ಡ್ ಆಫೀಸಿನಲ್ಲಿ ಇನ್ನೊಂದು ಇದ್ದರೆ, ಕಾಗದ ಅಲ್ಲೇ ನಿಲ್ಲುತ್ತದೆ. ಸೇವೆಯಲ್ಲಿರುವಾಗಲೇ ಇದನ್ನು ಸರಿಮಾಡಿಸಿಕೊಳ್ಳುವುದು ಸುಲಭ.

2022ರ ಅಗ್ನಿಪಥ ಯೋಜನೆ ಇದನ್ನೂ ಬದಲಿಸಿತು. ಅದರಡಿ ನಾಲ್ಕು ವರ್ಷದ ಸೇವೆಗೆ ಸೇರಿದ ಅಗ್ನಿವೀರ ಸತ್ತರೆ 48 ಲಕ್ಷ ರೂಪಾಯಿ ವಿಮೆ ಉಂಟು. ಸಾವು ಸೇವೆಯ ಕಾರಣದ್ದಾದರೆ ಇನ್ನೂ 44 ಲಕ್ಷ. ಮಾಮೂಲಿ ಕುಟುಂಬ ಪಿಂಚಣಿ ಇಲ್ಲ. ತಾನೇ ಮಾಡಿಕೊಂಡ ಗಾಯದಿಂದ ಸತ್ತವರಿಗೆ ಸೇನಾ ಗೌರವ ಸಲ್ಲುವುದಿಲ್ಲವೆಂದು 2023ರಲ್ಲಿ ಸೇನೆ ಸ್ಪಷ್ಟಪಡಿಸಿತು. ಸೇವೆಯ ಒತ್ತಡ ಯಾರನ್ನಾದರೂ ಆ ಸಾವಿಗೆ ದೂಡಿರಬಹುದಲ್ಲ ಎಂದು ಕೇಳುವ ಜಾಗ ಆ ವಿಧಿಯಲ್ಲಿಲ್ಲ.

ಇಬ್ಬರು ಕೊಡಗಿನವರ ವಿಷಯ ನೋಡಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋಗಿ ಮರಳಲಿಲ್ಲ. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಅವರು ಕೆಡವಿದ್ದರೆಂಬುದು ಹೊರಬಿದ್ದದ್ದು ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ.

ಜನರಲ್ ತಿಮ್ಮಯ್ಯನವರದು ಇನ್ನೊಂದು ಬಗೆ. 1953ರಲ್ಲಿ ಕೊರಿಯಾ ಯುದ್ಧದ ನಂತರ, ತಮ್ಮ ದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಸೆರೆಯಾಳುಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ತೀರಿಕೊಂಡದ್ದು 1965ರ ಡಿಸೆಂಬರ್ 18ರಂದು, ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ. ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು. 2021ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದ ಅವರ ಮನೆ ‘ಸನ್ನಿಸೈಡ್’ ಮ್ಯೂಸಿಯಂನಲ್ಲಿ ಪ್ರವಾಸಿಗರು ಮೊದಲು ಸೆಲ್ಫಿ ತೆಗೆಯುವುದು ಟ್ಯಾಂಕಿನ ಮುಂದೆ. ಎರಡು ಸೈನ್ಯಗಳ ನಡುವೆ ನಿಂತು ಗುಂಡು ಹಾರದಂತೆ ನೋಡಿಕೊಳ್ಳುವುದು ಕಾದುವುದಕ್ಕಿಂತ ಕಷ್ಟದ ಕೆಲಸ. ಅದನ್ನು ಅಂಗಳದಲ್ಲಿ ನಿಲ್ಲಿಸಿ ತೋರಿಸುವುದು ಇನ್ನೂ ಕಷ್ಟ.

ಮನೆಮನೆಯಲ್ಲೂ ನಿವೃತ್ತ ಸೈನಿಕರಿರುವ ಜಿಲ್ಲೆಯಲ್ಲಿ ಇದನ್ನೆಲ್ಲ ಹೇಳಿದರೆ ಸತ್ತವರಿಗೆ ಅವಮಾನ ಮಾಡಿದಿರಿ ಎಂಬ ಮಾತು ಬರುತ್ತದೆ. ಆದರೆ ಪಿಂಚಣಿಗೆ ಅಲೆದ ಕಷ್ಟ ಗೊತ್ತಿರುವುದೂ ಆ ಮನೆಗಳಿಗೇ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಎಷ್ಟು ಕುಟುಂಬಗಳ ಅರ್ಜಿ ಬಾಕಿ ಇದೆ ಎಂದು ಮಾಹಿತಿ ಹಕ್ಕಿನಡಿ ಯಾರೂ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರದಿರಲಿ. ಜೂನ್ ಮೊದಲ ವಾರ ಹಾಕಿದರೆ ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೆ ಮುಂಚೆ ಉತ್ತರ ಕೈಗೆ ಬರಬೇಕು. ಅಂದಿನ ಮಾಲಾರ್ಪಣೆಗೆ ಬರುವ ಅಧಿಕಾರಿಗಳಿಗೆ ಆ ಅಂಕಿಯನ್ನು ಮೈಕಿನಲ್ಲೇ ಓದಿ ಹೇಳಬಹುದು.