ಅಫೀಮು ಜಪ್ತಿಯ 1878ರ ವಿಧಿಗಳು ಮತ್ತು ಇಂದಿನ ಮಹಜರು

ಮಾದಕ ದ್ರವ್ಯದ ಪ್ರಕರಣದಲ್ಲಿ ದಾಳಿ ನಡೆಸಿದ ಅಧಿಕಾರಿ ಸಾಕ್ಷಿಕಟ್ಟೆಗೆ ಬಂದಾಗ ಆರೋಪಿಯ ಪರ ವಕೀಲರು ಸಾಮಾನ್ಯವಾಗಿ ಮೂರು ಪ್ರಶ್ನೆಗಳಿಂದ ಪಾಟೀ ಸವಾಲು ಆರಂಭಿಸುತ್ತಾರೆ. ಬಾತ್ಮಿ ಎಷ್ಟು ಗಂಟೆಗೆ ಬಂತು, ಅದನ್ನು ಬರೆದುಕೊಂಡಿರಾ, ಬರೆದದ್ದರ ಪ್ರತಿಯನ್ನು ಮೇಲಧಿಕಾರಿಗೆ ಯಾವಾಗ ಕಳುಹಿಸಿದಿರಿ? ಇವುಗಳಲ್ಲಿ ಮೂರನೆಯದು ಮಾತ್ರ ನಂತರ ಸೇರಿದ್ದು; ಇಂದು ಅದು 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ದ್ರವ್ಯ ಮತ್ತು ಮನೋಪರಿಣಾಮಿ ಪದಾರ್ಥಗಳ ಕಾಯ್ದೆಯಲ್ಲಿ ಇದೆ. ಮೊದಲೆರಡರ ಬೇರು 1878ರ ಅಫೀಮು ಕಾಯ್ದೆಯ 14ನೇ ಕಲಮಿನಲ್ಲಿದೆ. ಆ ಕಲಮನ್ನೂ ಇಂದಿನ 42ನೇ ಕಲಮನ್ನೂ ಎದುರುಬದುರು ಇಟ್ಟು ಓದಿದವರಿಗೆ ಹೊಸದು ಹಳೆಯದರ ಪರಿಷ್ಕೃತ ಪ್ರತಿ ಎಂಬುದು ತಕ್ಷಣ ಗೊತ್ತಾಗುತ್ತದೆ.

ಆದರೆ 1878ರ ಕಾಯ್ದೆ ಚಟ ಬಿಡಿಸಲು ಬಂದದ್ದಲ್ಲ, ಖಜಾನೆ ಕಾಯಲು ಬಂದದ್ದು. ಬಿಹಾರ ಮತ್ತು ಬನಾರಸ್ ಸೀಮೆಯ ರೈತರು ಸರಕಾರದಿಂದ ಮುಂಗಡ ಪಡೆದು ಗಸಗಸೆ ಬೆಳೆದು, ಬಂದ ಅಫೀಮನ್ನೆಲ್ಲ ಸರಕಾರಕ್ಕೇ ಒಪ್ಪಿಸಬೇಕಿತ್ತು. ಅದು ಪಟ್ನಾ ಮತ್ತು ಘಾಜಿಪುರದ ಕಾರ್ಖಾನೆಗಳಲ್ಲಿ ಪೆಟ್ಟಿಗೆ ಸೇರಿ ಕಲ್ಕತ್ತೆಯ ಹರಾಜಿಗೆ ಹೋಗುತ್ತಿತ್ತು. ಸಂಸ್ಥಾನಗಳ ಆಡಳಿತದಲ್ಲಿದ್ದ ಮಾಳ್ವಾದ ಅಫೀಮು ಮುಂಬಯಿ ಬಂದರಿಗೆ ಬರಬೇಕಾದರೆ ಪೆಟ್ಟಿಗೆಗೆ ಇಷ್ಟು ಎಂದು ರಹದಾರಿ ಸುಂಕ ಕಟ್ಟಬೇಕಿತ್ತು. ಈ ಎರಡು ದಾರಿಗಳನ್ನು ಬಿಟ್ಟು ಓಡಾಡಿದ ಅಫೀಮೇ ಕಳ್ಳ ಅಫೀಮು. ಹರಾಜಿನಲ್ಲಿ ಮಾರಾಟವಾದ ಸರಕಿಗೂ ಎತ್ತಿನ ಗಾಡಿಯ ಹುಲ್ಲಿನಡಿ ಬಚ್ಚಿಟ್ಟ ಸರಕಿಗೂ ಗುಣದಲ್ಲಿ ವ್ಯತ್ಯಾಸವಿರಬೇಕೆಂದಿರಲಿಲ್ಲ, ಸುಂಕದಲ್ಲಿತ್ತು. ಆದ್ದರಿಂದಲೇ 9ನೇ ಕಲಮಿನ ಶಿಕ್ಷೆ ನಮ್ಮ ಕಾಲದ ಕಣ್ಣಿಗೆ ಹಗುರವಾಗಿ ಕಾಣುತ್ತದೆ: ಗರಿಷ್ಠ 1 ವರ್ಷದ ಸೆರೆವಾಸ, ಇಲ್ಲವೆ 1,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

14ನೇ ಕಲಮು ಶೋಧದ ಅಧಿಕಾರವನ್ನು ಅಬಕಾರಿ, ಪೊಲೀಸ್, ಕಸ್ಟಮ್ಸ್, ಉಪ್ಪು, ಅಫೀಮು ಮತ್ತು ಕಂದಾಯ ಇಲಾಖೆಗಳ ಅಧಿಕಾರಿಗಳಿಗೆ ಕೊಟ್ಟಿತು; ಆದರೆ ಅವರು ಜವಾನ ಅಥವಾ ಕಾನ್‌ಸ್ಟೇಬಲ್ ದರ್ಜೆಗಿಂತ ಮೇಲಿನವರಾಗಿರಬೇಕು, ಸರಕಾರದಿಂದ ಅಧಿಕಾರ ಪಡೆದವರಾಗಿರಬೇಕು. ಕಟ್ಟಡದಲ್ಲೋ ಹಡಗಿನಲ್ಲೋ ಆವರಣವಿರುವ ಜಾಗದಲ್ಲೋ ಅಫೀಮು ಅಡಗಿದೆಯೆಂದು ಸ್ವಂತ ತಿಳಿವಳಿಕೆಯಿಂದ, ಅಥವಾ ಯಾರೋ ಕೊಟ್ಟು ತಾನು ಬರಹಕ್ಕಿಳಿಸಿಕೊಂಡ ಮಾಹಿತಿಯಿಂದ ನಂಬಲು ಕಾರಣವಿದ್ದರೆ, ಅಂಥ ಅಧಿಕಾರಿ ಸೂರ್ಯೋದಯ ಮತ್ತು ಸೂರ್ಯಾಸ್ತದ ನಡುವೆ ವಾರಂಟಿಲ್ಲದೆ ಒಳಹೊಗಬಹುದಿತ್ತು. ತಡೆದರೆ ಬಾಗಿಲು ಒಡೆಯಬಹುದಿತ್ತು, ಮಾಲನ್ನು ಜಪ್ತಿ ಮಾಡಿ ಶಂಕಿತನನ್ನು ಬಂಧಿಸಬಹುದಿತ್ತು. ರಾತ್ರಿ ಶೋಧ ಬೇಕಿದ್ದರೆ 19ನೇ ಕಲಮಿನಡಿ ಕಲೆಕ್ಟರರಿಂದಲೋ ಮ್ಯಾಜಿಸ್ಟ್ರೇಟರಿಂದಲೋ ವಾರಂಟು ತರಬೇಕಿತ್ತು. ಬಯಲಲ್ಲಿ, ರಸ್ತೆಯಲ್ಲಿ ಸಿಕ್ಕ ಅಫೀಮಿಗೆ 15ನೇ ಕಲಮು ಬೇರೆಯಾಗಿಯೇ ಇತ್ತು. ಅಲ್ಲಿ ಬರೆದುಕೊಳ್ಳುವ ಕಟ್ಟಳೆ ಇರಲಿಲ್ಲ. ಮನೆಯ ಹೊಸ್ತಿಲಿಗೂ ಬೀದಿಗೂ ನಡುವಿನ ಈ ಗೆರೆಯೇ ಇಂದು 42 ಮತ್ತು 43ನೇ ಕಲಮುಗಳಾಗಿ ಉಳಿದಿದೆ. ದಾಳಿ ನಡೆದದ್ದು ಸಾರ್ವಜನಿಕ ಸ್ಥಳವೋ ಅಲ್ಲವೋ ಎಂದು ನಮ್ಮ ನ್ಯಾಯಾಲಯಗಳಲ್ಲಿ ಗಂಟೆಗಟ್ಟಲೆ ನಡೆಯುವ ವಾದಕ್ಕೆ ಮೂಲ ಇದೇ.

ಶೋಧ ಹೇಗೆ ನಡೆಯಬೇಕೆಂಬುದನ್ನು 16ನೇ ಕಲಮು ದಂಡ ಪ್ರಕ್ರಿಯಾ ಸಂಹಿತೆಗೆ ಬಿಟ್ಟಿತು. ಆ ಸ್ಥಳದ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮ್ಮುಖದಲ್ಲಿ ಶೋಧ ನಡೆಸಿ, ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಅವರ ಸಹಿ ಹಾಕಿಸಬೇಕೆಂಬ ನಿಯಮ 1898ರ ಸಂಹಿತೆಯಲ್ಲಿ 103ನೇ ಕಲಮಾಗಿತ್ತು. ಕಾಕತಾಳೀಯವೆಂಬಂತೆ, ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು 103ನೆಯದೇ. ಅದರ 105ನೇ ಕಲಮು ಶೋಧವನ್ನು ಧ್ವನಿ ಮತ್ತು ದೃಶ್ಯಸಹಿತ ದಾಖಲಿಸಬೇಕೆನ್ನುತ್ತದೆ. ಹತ್ತಾರು ಮಹಜರುಗಳಿಗೆ ಒಬ್ಬರೇ ಪಂಚರು ಸಹಿ ಹಾಕಿರುವುದನ್ನು ಕಂಡವರಿಗೆ ಇದು ಬಹಳ ಹಿಂದೆಯೇ ಬರಬೇಕಿತ್ತು ಎನಿಸಿದರೆ ಆಶ್ಚರ್ಯವಿಲ್ಲ.

ವಸಾಹತು ಕಾನೂನಿನ ಲೆಕ್ಕಾಚಾರ ನಿಜವಾಗಿ ಬಿಚ್ಚಿಕೊಳ್ಳುವುದು 10, 13 ಮತ್ತು 18ನೇ ಕಲಮುಗಳನ್ನು ಒಟ್ಟಿಗೆ ಓದಿದಾಗ. 10ನೆಯದರ ಪ್ರಕಾರ, ತನ್ನ ಬಳಿ ಸಿಕ್ಕ ಅಫೀಮಿಗೆ ತೃಪ್ತಿಕರ ವಿವರಣೆ ಕೊಡಲಾಗದವನು ಅಪರಾಧ ಎಸಗಿದ್ದಾನೆಂದೇ, ಬೇರೆ ಸಾಬೀತಾಗುವವರೆಗೆ, ಭಾವಿಸಬೇಕು. 13ನೆಯದು ದಂಡ ಮತ್ತು ಮುಟ್ಟುಗೋಲಿನಿಂದ ಬಂದ ಹಣದಲ್ಲಿ ಅಧಿಕಾರಿಗಳಿಗೂ ಬಾತ್ಮೀದಾರರಿಗೂ ಇನಾಮು ಕೊಡಲು ನಿಯಮ ಮಾಡಬಹುದೆಂದಿತು. ಹಿಡಿದವನಿಗೆ ಇನಾಮು, ಹಿಡಿಸಿಕೊಂಡವನಿಗೆ ರುಜುವಾತಿನ ಹೊರೆ. ಇವೆರಡು ಕೂಡಿದ ಕಡೆ ತಾವೇ ಅಫೀಮು ಇಟ್ಟು ತಾವೇ ಹುಡುಕಿ ತೆಗೆಯುವ ಆಮಿಷ ಹುಟ್ಟುವುದು ಸಹಜ. ಅದಕ್ಕೆ ಕಡಿವಾಣವಾಗಿ ನಿಂತದ್ದು 18ನೇ ಕಲಮು. ಸಮಂಜಸ ಶಂಕೆಯಿಲ್ಲದೆ ಮನೆ ಹೊಕ್ಕ, ಕಿರುಕುಳ ಕೊಡಲೆಂದು ಶೋಧಿಸಿದ ಅಥವಾ ಬಂಧಿಸಿದ ಅಧಿಕಾರಿಗೆ 500 ರೂಪಾಯಿವರೆಗೆ ದಂಡ. ಅಂದರೆ ಕಳ್ಳಸಾಗಣೆದಾರ ತೆರಬೇಕಾದ ಗರಿಷ್ಠ ದಂಡದ ಅರ್ಧದಷ್ಟು. ಜೊತೆಗೆ 21ನೇ ಕಲಮಿನಂತೆ, ಬಂಧನ ಅಥವಾ ಜಪ್ತಿಯಾದ 48 ಗಂಟೆಗಳೊಳಗೆ ಮೇಲಧಿಕಾರಿಗೆ ಪೂರ್ಣ ವರದಿ ಹೋಗಬೇಕಿತ್ತು.

1857 ಮತ್ತು 1878ರ ಅಫೀಮು ಕಾಯ್ದೆಗಳನ್ನೂ 1930ರ ಅಪಾಯಕಾರಿ ಮಾದಕಗಳ ಕಾಯ್ದೆಯನ್ನೂ ರದ್ದುಪಡಿಸಿದ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಈ ಚೌಕಟ್ಟು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. 10ನೇ ಕಲಮಿನ ಪೂರ್ವಭಾವನೆ 54ರಲ್ಲಿದೆ, 48 ಗಂಟೆಗಳ ವರದಿ 57ರಲ್ಲಿದೆ. ಬದಲಾದದ್ದು ಶಿಕ್ಷೆ. ವಾಣಿಜ್ಯ ಪ್ರಮಾಣದ, ಎಂದರೆ ಎರಡೂವರೆ ಕಿಲೋಗಿಂತ ಹೆಚ್ಚಿನ ಅಫೀಮಿಗೆ ಈಗ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ. ಸುಂಕ ತಪ್ಪಿಸಿದವನನ್ನು ಹಿಡಿಯಲು ಹೆಣೆದ ವಿಧಾನದ ಮೇಲೆ ಇಷ್ಟು ಭಾರ ಹೊರಿಸಿದಾಗ ನ್ಯಾಯಾಲಯಗಳು ಪ್ರತಿ ಹಂತವನ್ನೂ ಬಿಗಿಯಾಗಿ ಓದತೊಡಗಿದ್ದು ಅನಿವಾರ್ಯವಾಗಿತ್ತು. ಆರೋಪಿಯ ದೇಹ ಶೋಧಕ್ಕೆ ಮುನ್ನ, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಶೋಧಿಸಿಕೊಳ್ಳುವ ಹಕ್ಕು ಅವನಿಗಿದೆಯೆಂದು ತಿಳಿಸಬೇಕೆಂಬ 50ನೇ ಕಲಮಿಗೆ ಹಳೆಯ ಕಾಯ್ದೆಯಲ್ಲಿ ಜೋಡಿಯೇ ಇಲ್ಲ. ಬಲದೇವ್ ಸಿಂಗ್ (1999) ಮತ್ತು ವಿಜಯಸಿಂಹ ಜಡೇಜಾ (2010) ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠಗಳು ಈ ಹಕ್ಕನ್ನು ಗಟ್ಟಿಗೊಳಿಸಿದವು. 42ನೆಯದರ ಬಗ್ಗೆ ಕರ್ನೈಲ್ ಸಿಂಗ್ (2009) ಪ್ರಕರಣದ ಪೀಠ ಸಮತೋಲನದ ದಾರಿ ಹಿಡಿಯಿತು: ತುರ್ತಿನಲ್ಲಿ ಬರೆಯುವುದು, ಕಳುಹಿಸುವುದು ತಡವಾಗಿ, ತಡಕ್ಕೆ ಒಪ್ಪತಕ್ಕ ವಿವರಣೆಯಿದ್ದರೆ ಅದನ್ನು ಮನ್ನಿಸಬಹುದು, ಪಾಲನೆಯೇ ಇಲ್ಲದಿದ್ದರೆ ಮನ್ನಿಸಲಾಗದು. ಪ್ರತಿ ಕಳುಹಿಸಲು 72 ಗಂಟೆಗಳ ಗಡುವು ಬಂದದ್ದು 2001ರ ತಿದ್ದುಪಡಿಯಿಂದ.

ಹಳೆಯ 18ನೇ ಕಲಮಿನ ವಾರಸುದಾರ 58ನೇ ಕಲಮು. ದುರುದ್ದೇಶದ ಶೋಧಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಸೆರೆವಾಸ ಸೇರಿತೆಂಬುದು ನಿಜ. ಆದರೆ 1878ರಲ್ಲಿ ಆರೋಪಿಯ ಗರಿಷ್ಠ ದಂಡದ ಅರ್ಧದಷ್ಟಿದ್ದ ಅಧಿಕಾರಿಯ ದಂಡ, ಇಂದು ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿ ಆರೋಪಿ ತೆರಬೇಕಾದ ಕನಿಷ್ಠ ದಂಡವಾದ 1 ಲಕ್ಷ ರೂಪಾಯಿಯ ನೂರನೇ ಒಂದು ಭಾಗ. ಹೀಗಾಗಿ ಕಡಿವಾಣದ ಕೆಲಸವೆಲ್ಲ 42 ಮತ್ತು 50ನೇ ಕಲಮುಗಳ ಮೇಲೆ ಬಿದ್ದಿದೆ. ಅಧಿಕಾರಿಯ ಲೋಪದ ಪರಿಣಾಮ ಆರೋಪಿಯ ಖುಲಾಸೆಯ ರೂಪದಲ್ಲಿ ಬರುತ್ತದೆ. ಅದರ ಲಾಭ ನಿರಪರಾಧಿಗೂ ಆಗುತ್ತದೆ, ನಿಜವಾಗಿ ಮಾಲು ಇಟ್ಟುಕೊಂಡವನಿಗೂ ಆಗುತ್ತದೆ. ಇಂಥ ಪ್ರಕರಣದ ಕಡತ ಕೈಗೆ ಬಂದಾಗ ಕಿರಿಯ ವಕೀಲರು ರಾಸಾಯನಿಕ ವರದಿಗೆ ಮುನ್ನ ಠಾಣಾ ದಿನಚರಿಯ ಆ ದಿನದ ನಮೂದನ್ನೂ ಮೇಲಧಿಕಾರಿಯ ಕಚೇರಿಯ ಸ್ವೀಕೃತಿ ಮೊಹರನ್ನೂ ಹೋಲಿಸಿ ನೋಡಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.