ಅಪ್ಲಿಕ್ ಹೂಗಳು ಅಂಟಿಸಿದ ಹಾಗೆ ಕಾಣುವುದೇಕೆ?

ಪ್ರಶ್ನೆ: ಗೋಡೆಗೆ ತೂಗುಹಾಕಲು ಹೂವಿನ ಅಪ್ಲಿಕ್ ಕ್ವಿಲ್ಟ್ ಮಾಡುತ್ತಿದ್ದೇನೆ, ಅಂದರೆ ಬಟ್ಟೆಯಲ್ಲಿ ಹೂ ಕತ್ತರಿಸಿ ಕೌದಿಯಂಥ ಪದರದ ಬಟ್ಟೆಯ ಮೇಲೆ ಹೊಲಿಯುವುದು. ಒಂದೊಂದೇ ಹೂ ಚೆನ್ನಾಗಿ ಬಂದಿದೆ. ಬಟ್ಟೆಯ ಮೇಲೆ ಜೋಡಿಸಿದರೆ ಮಾತ್ರ ಸ್ಟಿಕ್ಕರ್ ಅಂಟಿಸಿದ ಹಾಗಿರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಬಹುಶಃ ನೀವು ಹೂವಿನಿಂದ ಶುರು ಮಾಡಿದ್ದೀರಿ. ನಾವೆಲ್ಲ ಹಾಗೇ ಮಾಡುತ್ತೇವೆ, ಅಲ್ವಾ? ಐದಾರು ಹೂ ಕತ್ತರಿಸಿಟ್ಟುಕೊಂಡು ಆಮೇಲೆ ಜಾಗ ಹುಡುಕುತ್ತೇವೆ. ಕೊನೆಗೆ ಎರಡು ಹೂವಿನ ನಡುವೆ ಒಂದು ದಂಟು ಎಳೆಯುತ್ತೇವೆ. ಗಿಡ ಹಾಗೆ ಬೆಳೆಯುವುದಿಲ್ಲವಲ್ಲ.

ದಂಟು ಮೊದಲು ಬರೆಯಿರಿ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ, ಗೋಡೆಯ ಮೇಲೆ ಇರಬೇಕಾದಷ್ಟೇ ದೊಡ್ಡ ಹಾಳೆ ಮಾಡಿಕೊಳ್ಳಿ. ಅದರಲ್ಲಿ ಒಂದೇ ಒಂದು ದೊಡ್ಡ ಬಳುಕು, ಅದರಿಂದ ಒಡೆದ ಎರಡು ಮೂರು ಕೊಂಬೆ. ಇಷ್ಟೇ ನೋಡಿದರೂ ಗಿಡ ಅನ್ನಿಸಬೇಕು. ಅನ್ನಿಸದಿದ್ದರೆ ಹೂ ಇಟ್ಟರೂ ಸರಿಹೋಗುವುದಿಲ್ಲ.

ಹೂವಿಗೆ ದಾಸವಾಳ ತೆಗೆದುಕೊಳ್ಳೋಣ. ಅಂಗಳದಿಂದ ಒಂದು ಕಿತ್ತು ತಂದು ನೋಡಿ. ಐದು ಎಸಳು. ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಕೆಳಗೆ. ಬಟ್ಟೆಯಲ್ಲೂ ಹಾಗೇ ಜೋಡಿಸಿದರೆ ಹೂವಿಗೆ ಒಂದು ತಿರುವು ಬರುತ್ತದೆ. ಎಲ್ಲ ಹೂವೂ ನಮ್ಮನ್ನೇ ನೋಡುತ್ತಾ ಇರಬಾರದು. ಒಂದು ಪಕ್ಕಕ್ಕೆ ತಿರುಗಿರಲಿ, ಒಂದು ಸುರುಳಿ ಬಿಚ್ಚದ ಮೊಗ್ಗಾಗಿರಲಿ, ಒಂದು ಅರ್ಧ ಎಲೆಯ ಹಿಂದೆ ಅಡಗಿರಲಿ.

ದಂಟಿನ ಬಟ್ಟೆಯನ್ನು ನೇರವಾಗಿ ಕತ್ತರಿಸಬೇಡಿ. ನೇಯ್ಗೆಯ ಎಳೆಗೆ 45 ಡಿಗ್ರಿ ಓರೆಯಾಗಿ, ಮುಕ್ಕಾಲು ಇಂಚಿನ ಪಟ್ಟಿ ಕತ್ತರಿಸಿ ಮೂರು ಮಡಿಕೆ ಮಾಡಿದರೆ ಕಾಲು ಇಂಚಿನ ದಂಟು ಸಿಗುತ್ತದೆ. ಓರೆ ಬಟ್ಟೆ ಹಿಗ್ಗುವುದರಿಂದ ಹೇಳಿದ ಹಾಗೆ ಬಾಗುತ್ತದೆ. ಬಳುಕಿನ ಒಳಗಿನ ಅಂಚನ್ನು ಮೊದಲು ಹೊಲಿಯಿರಿ, ಹೊರಗಿನದು ಆಮೇಲೆ. ದಂಟಿನ ತುದಿ ಹೂವಿನ ಕೆಳಗೆ ಹೋಗುವುದರಿಂದ ಅಲ್ಲಿ ಮಡಚುವುದೇ ಬೇಡ.

ಬಣ್ಣಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಜೋಡಿಸಿದ್ದನ್ನು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಕೆಂಪು ಹೂ, ಹಸಿರು ಎಲೆ ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ಒಂದನ್ನು ತಿಳಿ ಮಾಡಬೇಕು. ಕೆಂಪು ಬಟ್ಟೆಯನ್ನು ಒಗೆಯದೆ ಹೊಲಿಯಲೇಬೇಡಿ. ನನ್ನ ಮೊದಲ ದಾಸವಾಳದ ಬಣ್ಣ ಹಾಲುಬಿಳಿ ಬಟ್ಟೆಗೆಲ್ಲ ಇಳಿದು, ಎರಡು ತಿಂಗಳ ಕೆಲಸ ಹೋಯಿತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಇನ್ನು ಹೂ ಉಬ್ಬಿ ನಿಲ್ಲುವುದು ಸುತ್ತಲಿನ ಬಟ್ಟೆಯಿಂದ. ಮೇಲಿನ ಬಟ್ಟೆ, ನಡುವೆ ಹತ್ತಿಯ ಪದರ, ಕೆಳಗೆ ಅಸ್ತರ, ಈ ಮೂರನ್ನೂ ಸೇರಿಸಿ ಹೊಲಿಯುವಾಗ ಹೂವಿನ ಮೇಲೆ ಸೂಜಿ ಆಡಿಸಬೇಡಿ. ಅಂಚಿಗೆ ತಾಗಿಕೊಂಡು ಒಂದು ಸುತ್ತು ಹೊಲಿದು, ಖಾಲಿ ಜಾಗದಲ್ಲಿ ಒತ್ತೊತ್ತಾಗಿ ಹೊಲಿಯಿರಿ. ಹೊಲಿದ ಕಡೆ ಹತ್ತಿ ಕೂರುತ್ತದೆ, ಹೂ ಮೇಲೇಳುತ್ತದೆ. ಹವಾಯಿಯ ಕ್ವಿಲ್ಟುಗಳಲ್ಲಿ ಈ ಹೊಲಿಗೆ ಎಲೆಯ ಆಕಾರವನ್ನೇ ಹಿಡಿದು, ನೀರಿನ ಅಲೆಯ ಹಾಗೆ ಸಾಲುಸಾಲಾಗಿ ಹೊರಗೆ ಹರಡುತ್ತದೆ. ನಮ್ಮ ಕೌದಿಯ ರನ್ನಿಂಗ್ ಹೊಲಿಗೆಯೂ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಸ್ವಲ್ಪ ದಪ್ಪ ದಾರ ಬಳಸಿ.

ನಾಲ್ಕು ಮೂಲೆಗಳಲ್ಲಿ ಹೂ ತುರುಕುವ ಆಸೆ ಬರುತ್ತದೆ. ಬೇಡ, ಅಲ್ಲಿ ಗಿಡ ಉಸಿರಾಡಲಿ. ಮೂಲೆ ಬರೀದು ಅನ್ನಿಸಿದರೆ ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಿ. ಅವರು ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಪುಟ್ಟ ಬಟ್ಟೆ ತುಂಡು ಸೇರಿಸುತ್ತಾರೆ. ಅದಕ್ಕೆ ಫೂಲ, ಅಂದರೆ ಹೂವು ಅನ್ನುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ಕತ್ತರಿ ಹಿಡಿಯುವ ಮೊದಲು ನಿಮ್ಮ ಕಾಗದದ ಗಿಡವನ್ನು ಅದೇ ಗೋಡೆಗೆ ಪಿನ್ ಮಾಡಿ, ಎರಡು ದಿನ ಬಿಡಿ. ಬಾಗಿಲಲ್ಲಿ ನಿಂತು ನೋಡಿ. ಆ ಗೋಡೆಗೆ ನೇರ ಬಿಸಿಲು ಬೀಳುತ್ತದೆಯೇ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಬೀಳುತ್ತಿದ್ದರೆ ಬೇರೆ ಗೋಡೆ ಹುಡುಕಿ, ಕೆಂಪು ಬೇಗ ಮಾಸುತ್ತದೆ.